ರೂಪಮದ ಮತ್ತು ವರ್ಣಭೇದ: ಬೆಳಗಾವಿ–ಖಾನಾಪುರ ಸೀಮೆಯ ಇತಿಹಾಸದಿಂದ ಮಕ್ಕಳಿಗೊಂದು ಪಾಠ

ಸಮ್ಯಗ್ದರ್ಶನಕ್ಕೆ ಕಲಂಕವನ್ನು ತರುವ 25 ದೋಷಗಳಲ್ಲಿ ಎಂಟು ಮದಗಳಿಗೆ ಪ್ರತ್ಯೇಕ ಸ್ಥಾನವಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಈ ಮದಗಳು ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು ಮತ್ತು ಶರೀರ ಎಂಬ ಎಂಟನ್ನು ಆಶ್ರಯಿಸಿ ಹುಟ್ಟುವಂಥವು. ಇವುಗಳಲ್ಲಿ ಐಶ್ವರ್ಯಮದವನ್ನೂ ಕುಲಮದವನ್ನೂ ಕುರಿತು ಪ್ರವಚನಗಳಲ್ಲಿ ಸಾಕಷ್ಟು ವಿವೇಚನೆ ನಡೆಯುತ್ತದೆ. ಕೊನೆಯದಾದ ಶರೀರಮದ ಅಥವಾ ರೂಪಮದದ ಮಾತು ಬಂದಾಗ ಮಾತ್ರ ಅದು ಕನ್ನಡಿಯ ಮುಂದೆ ನಿಲ್ಲುವ ಯುವಕ ಯುವತಿಯರಿಗೆ ಸಂಬಂಧಿಸಿದ ಸಣ್ಣ ದೋಷವೆಂಬಂತೆ ಮುಂದೆ ಸಾಗುವುದು ವಾಡಿಕೆ.

ಆದರೆ ಆಧುನಿಕ ಜಗತ್ತು ಯಾವುದನ್ನು ವರ್ಣಭೇದವೆಂದು ಕರೆಯುತ್ತದೆಯೋ ಅದರ ಬೇರು ಇರುವುದು ಇಲ್ಲಿಯೇ. ತನ್ನ ಮೈಬಣ್ಣ, ಮೂಗು, ಕೂದಲುಗಳ ಆಕಾರವನ್ನು ಯೋಗ್ಯತೆಯ ಅಳತೆಗೋಲನ್ನಾಗಿ ಮಾಡಿಕೊಂಡು, ಆ ಅಳತೆಗೆ ಹೊಂದದವರನ್ನು ಕೀಳೆಂದು ಬಗೆಯುವುದೇ ವರ್ಣಭೇದ. ಅದು ರೂಪಮದ, ಜಾತಿಮದ, ಕುಲಮದಗಳು ಒಂದುಗೂಡಿದ ವಿಕಾರ. ಮಕ್ಕಳಲ್ಲಿ ಈ ವಿಕಾರವು ಬೇರೂರದಂತೆ ತಡೆಯುವುದು ಶ್ರಾವಕನ ಮನೆಯ ಮೊದಲ ಕರ್ತವ್ಯಗಳಲ್ಲಿ ಒಂದೆಂಬುದನ್ನು ತೋರಿಸಲು ದೂರದ ದೇಶಗಳ ಚರಿತ್ರೆಯೇ ಬೇಕೆಂದಿಲ್ಲ. ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಇತಿಹಾಸವು ಅದಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಕೋಟೆಯೊಳಗಿನ ಶ್ಯಾಮವರ್ಣದ ಸ್ವಾಮಿ

ಬೆಳಗಾವಿಯ ಕೋಟೆಯಲ್ಲಿರುವ ಕಮಲ ಬಸದಿಯನ್ನು ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧಿ. ಮುಖಮಂಟಪದ ಛತ್ತಿನಿಂದ ಇಳಿಬಿದ್ದಿರುವ ಕಲ್ಲಿನ ಕಮಲವು ನೋಡುವವರ ಕಣ್ಣನ್ನು ಮೊದಲು ಸೆಳೆಯುತ್ತದೆ. ಗರ್ಭಗುಡಿಯಲ್ಲಿ ವಿರಾಜಮಾನನಾಗಿರುವವನು 22ನೆಯ ತೀರ್ಥಂಕರ ನೇಮಿನಾಥ ಸ್ವಾಮಿ. ಬಿಂಬವು ಕಪ್ಪು ಶಿಲೆಯದು.

ಇದು ಶಿಲೆಯ ಬಣ್ಣ ಮಾತ್ರವಲ್ಲ. ಪರಂಪರೆಯು 24 ತೀರ್ಥಂಕರರಿಗೆ ಬೇರೆಬೇರೆ ಶರೀರವರ್ಣಗಳನ್ನು ಹೇಳುತ್ತದೆ. ಚಂದ್ರಪ್ರಭ, ಪುಷ್ಪದಂತರು ಶ್ವೇತವರ್ಣದವರು. ಪದ್ಮಪ್ರಭ, ವಾಸುಪೂಜ್ಯರು ರಕ್ತವರ್ಣದವರು. ಸುಪಾರ್ಶ್ವ, ಪಾರ್ಶ್ವನಾಥರು ಹರಿತವರ್ಣದವರು. ಮುನಿಸುವ್ರತ, ನೇಮಿನಾಥರು ಶ್ಯಾಮವರ್ಣದವರು. ಉಳಿದ 16 ಮಂದಿ ಸುವರ್ಣವರ್ಣದವರು. ಪೂಜೆಯಲ್ಲಾಗಲಿ, ಪಂಚಕಲ್ಯಾಣದಲ್ಲಾಗಲಿ, ಅನಂತಚತುಷ್ಟಯದಲ್ಲಾಗಲಿ ಈ ಬಣ್ಣಗಳಿಂದ ಕೂದಲೆಳೆಯಷ್ಟೂ ಭೇದ ಉಂಟಾಗುವುದಿಲ್ಲ. ಶ್ಯಾಮವರ್ಣದ ಸ್ವಾಮಿಯ ಪಾದಕ್ಕೆ ಎಂಟು ಶತಮಾನಗಳಿಂದ ತಲೆಬಾಗಿದ ಊರಿನಲ್ಲಿ ಮಗುವೊಂದನ್ನು ‘ಕರಿಯ’ ಎಂದು ಹಂಗಿಸುವುದು ಎಂತಹ ವಿಪರ್ಯಾಸವೆಂಬುದನ್ನು ಯಾರಾದರೂ ಊಹಿಸಬಹುದು.

1204ರ ಕಾಲದ ಶಾಸನಗಳು ಇನ್ನೊಂದು ಸಂಗತಿಯನ್ನೂ ತಿಳಿಸುತ್ತವೆ. ಅಂದು ವೇಣುಗ್ರಾಮವೆಂದು ಹೆಸರಾಗಿದ್ದ ಬೆಳಗಾವಿಯ ರಟ್ಟ ಜಿನಾಲಯಕ್ಕೆ, ಶುಭಚಂದ್ರ ಭಟ್ಟಾರಕರ ಮುಖಾಂತರ, ಅರಸರು ಭೂಮಿಯನ್ನು ಕೊಟ್ಟುದಲ್ಲದೆ ವರ್ತಕ ಸಮೂಹಗಳೂ ತಮ್ಮ ಸರಕಿನ ಮೇಲಿನ ಪಾಲನ್ನು ಬಿಟ್ಟುಕೊಟ್ಟವು. ಆ ವರ್ತಕರಲ್ಲಿ ಸ್ಥಳೀಯರ ಜೊತೆಗೆ ಲಾಳ ದೇಶದವರೂ ಮಲೆಯಾಳದವರೂ ಇದ್ದರು. ಭಾಷೆ, ಉಡುಪು, ಮೈಬಣ್ಣಗಳಲ್ಲಿ ಭಿನ್ನರಾದ ಜನರ ಕೊಡುಗೆಯಿಂದಲೇ ಬೆಳಗಾವಿಯ ಜಿನಾಲಯದ ದೀಪ ಉರಿಯಿತು.

ಇದಕ್ಕೂ ಏಳು ಶತಮಾನಗಳಷ್ಟು ಹಿಂದೆ ಖಾನಾಪುರ ತಾಲೂಕಿನ ಹಲಸಿಯು ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಂತಿತ್ತು. ಅಲ್ಲಿ ದೊರೆತ ತಾಮ್ರಪಟಗಳು ಕರ್ನಾಟಕದ ಜೈನ ಇತಿಹಾಸಕ್ಕೆ ಅಮೂಲ್ಯವಾದವು. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ದಾನ ಮಾಡಿದಾಗ, ಅದನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೂ ಸಲ್ಲುವಂತೆ ಕೊಟ್ಟನು. ಆಚಾರದಲ್ಲಿ ಪರಸ್ಪರ ಭಿನ್ನವಾದ ಮೂರು ಸಂಘಗಳು ಒಂದೇ ದಾನಕ್ಕೆ ಪಾಲುದಾರರಾದವು. ಭಿನ್ನತೆಯನ್ನು ಅಳಿಸದೆಯೇ ಗೌರವಿಸುವ ಈ ಗುಣವು ಖಾನಾಪುರದ ಮಣ್ಣಿಗೆ ಹೊಸತಲ್ಲ.

ಕಾಡಂಚಿನ ನೆರೆಹೊರೆಯವರು

ಅದೇ ಖಾನಾಪುರ ತಾಲೂಕಿನ ಕಾಡಂಚಿನಲ್ಲಿ ಇಂದು ಸಿದ್ದಿ ಸಮುದಾಯದ ಕುಟುಂಬಗಳು ವಾಸವಾಗಿವೆ. ಕರ್ನಾಟಕದ ಸಿದ್ದಿಗಳಲ್ಲಿ ಬಹುಪಾಲು ಜನ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮೊದಲಾದ ತಾಲೂಕುಗಳಲ್ಲಿದ್ದಾರೆ. ಉಳಿದವರು ಬೆಳಗಾವಿ ಜಿಲ್ಲೆಯ ಖಾನಾಪುರ ಹಾಗೂ ಧಾರವಾಡ ಜಿಲ್ಲೆಯ ಕಲಘಟಗಿ ಭಾಗಗಳಲ್ಲಿದ್ದಾರೆ. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕನ್ನಡ, ಕೊಂಕಣಿ, ಮರಾಠಿಗಳು ಇವರ ನಾಲಿಗೆಯ ಮೇಲಿವೆ. ಹಳೆಯ ಬಟ್ಟೆಗಳ ತುಂಡುಗಳನ್ನು ಜೋಡಿಸಿ ಇವರ ಹೆಂಗಸರು ಹೊಲಿಯುವ ಕೌದಿಗಳೂ, ಡಮಾಮಿ ವಾದ್ಯದ ಕುಣಿತವೂ ಹೆಸರುವಾಸಿಯಾಗಿವೆ.

ಇವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಆದರೆ ಬಂದವರು ಎನ್ನುವುದಕ್ಕಿಂತ ತರಲ್ಪಟ್ಟವರು ಎನ್ನುವುದೇ ಸರಿ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ತುಗೀಜರು ಮುಂದಿನ ಶತಮಾನಗಳಲ್ಲಿ ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕಾದ ತೀರಗಳಿಂದ ಮನುಷ್ಯರನ್ನು ಹಡಗುಗಳಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರು. ಹಾಗೆ ಮಾರಲ್ಪಟ್ಟವರಲ್ಲಿ ಅನೇಕರು ಒಡೆಯರ ಹಿಂಸೆಯನ್ನು ತಾಳಲಾರದೆ ಘಟ್ಟವನ್ನೇರಿ ಕಾಡಿನಲ್ಲಿ ಬಚ್ಚಿಟ್ಟುಕೊಂಡರು. ಕೆಲವರು ಬಿಡುಗಡೆಯ ನಂತರ ಬಂದು ಸೇರಿದರು. ಗೋವೆಯ ಗಡಿಗೆ ತಾಗಿರುವ ಖಾನಾಪುರದ ಕಾಡುಗಳು ಅಂಥವರಿಗೆ ಸಹಜವಾದ ಆಶ್ರಯತಾಣಗಳಾದವು. ಬ್ರಿಟಿಷ್ ಭಾರತದಲ್ಲಿ 1843ರ ಕಾನೂನು ಗುಲಾಮಗಿರಿಗೆ ಇದ್ದ ನ್ಯಾಯಾಲಯದ ಮನ್ನಣೆಯನ್ನು ರದ್ದುಪಡಿಸಿತು. ಪೋರ್ತುಗೀಜ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಆಜ್ಞೆ 1869ರಲ್ಲಿ ಹೊರಬಿತ್ತು. ಈ ನಡುವಿನ ಅವಧಿಯಲ್ಲಿ ಘಟ್ಟದ ಮೇಲಣ ಕಾಡು ಸ್ವಾತಂತ್ರ್ಯದ ನೆಲವಾಗಿತ್ತೆಂದರೆ ತಪ್ಪಾಗದು.

2011ರಲ್ಲಿ ಪ್ರಕಟವಾದ ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳ ಸಂಶೋಧನೆಯು ಸಿದ್ದಿಗಳ ವಂಶವಾಹಿಗಳಲ್ಲಿ ಆಫ್ರಿಕಾದ ಬಂಟು ಜನರ ಅಂಶದೊಡನೆ ಭಾರತೀಯ ಹಾಗೂ ಯುರೋಪಿನ ಅಂಶಗಳೂ ಬೆರೆತಿವೆಯೆಂದು ತೋರಿಸಿತು. ಅಂದರೆ ಅನೇಕ ತಲೆಮಾರುಗಳಿಂದ ಅವರು ಈ ದೇಶದವರೇ ಆಗಿದ್ದಾರೆ. ಆದರೂ ಪೇಟೆಗೆ ಬಂದ ಸಿದ್ದಿಯನ್ನು ‘ಯಾವ ದೇಶದವರು’ ಎಂದು ಕೇಳುವ ಪದ್ಧತಿ ಇನ್ನೂ ನಿಂತಿಲ್ಲ. ಕನ್ನಡದಲ್ಲೇ ಉತ್ತರ ಬಂದಾಗ ಕೇಳಿದವನಿಗೆ ಆಶ್ಚರ್ಯವಾಗುತ್ತದೆಯೇ ಹೊರತು ನಾಚಿಕೆಯಾಗುವುದಿಲ್ಲ.

ಮಕ್ಕಳಿಗೆ ಇತಿಹಾಸವನ್ನು ಹೇಳುವಾಗ ದಾಸ್ಯದ ಕಥೆಯಲ್ಲಿಯೇ ನಿಲ್ಲಬಾರದು. ದಖ್ಖನಿನಲ್ಲಿ ಆಫ್ರಿಕಾ ಮೂಲದವರು ಸೇನಾನಿಗಳೂ ಆಡಳಿತಗಾರರೂ ಆಗಿದ್ದರು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಬಾಲಕನಾಗಿದ್ದಾಗ, 1582ರಿಂದ 1590ರವರೆಗೆ ರಾಜ್ಯಭಾರದ ಹೊಣೆ ಹೊತ್ತವನು ದಿಲಾವರ್ ಖಾನನೆಂಬ ಹಬ್ಶಿ ಸರದಾರ. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಲ್ಪಟ್ಟು, ಕೈಯಿಂದ ಕೈಗೆ ದಾಟುತ್ತ ಅಹಮದನಗರಕ್ಕೆ ಬಂದ ಮಲಿಕ್ ಅಂಬರ್ ನಿಜಾಮಶಾಹಿಯ ಸೂತ್ರಧಾರಿಯಾಗಿ, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದನು. ಅವನ ಭೂಕಂದಾಯ ವ್ಯವಸ್ಥೆಯನ್ನು ಇತಿಹಾಸಕಾರರು ಮೆಚ್ಚಿ ಬರೆದಿದ್ದಾರೆ. ಅವಕಾಶ ದೊರೆತಲ್ಲಿ ಸಾಮರ್ಥ್ಯವು ಅರಳಿತು. ಕಾಡಂಚಿನಲ್ಲಿ ಅವಕಾಶ ದೊರೆಯದೆ ಜನರು ಸಾಲದ ಆಳುಗಳಾಗಿ ಉಳಿದರು. ಎರಡೂ ಕಡೆ ಮೈಬಣ್ಣ ಒಂದೇ.

ಒಂದು ಸಮುದಾಯ, ಎರಡು ತಾಲೂಕು

ಭೇದವು ಬಾಯಿಮಾತಿನಲ್ಲಿ ಮಾತ್ರವಲ್ಲ, ಕಾಗದಪತ್ರಗಳಲ್ಲಿಯೂ ನೆಲೆಸಬಲ್ಲದು ಎಂಬುದಕ್ಕೆ ಖಾನಾಪುರವೇ ಉದಾಹರಣೆ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದಾಗ ಆ ಮಾನ್ಯತೆಯು ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾಯಿತು. ಹಳಿಯಾಳ ತಾಲೂಕಿನ ಸಿದ್ದಿ ಪರಿಶಿಷ್ಟ ಪಂಗಡದವನಾದ. ಅದೇ ಕಾಡಿನ ಈಚೆಗಿರುವ ಖಾನಾಪುರದ ಸಿದ್ದಿ ಆಗಲಿಲ್ಲ. 2020ರಲ್ಲಿ ಸಂಸತ್ತು ತಿದ್ದುಪಡಿ ಕಾಯಿದೆಯನ್ನು ಅಂಗೀಕರಿಸಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಸೇರಿಸುವವರೆಗೆ 17 ವರ್ಷಗಳು ಕಳೆದುವು.

ಈ 17 ವರ್ಷಗಳ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ತಾನು ಅರಣ್ಯಭೂಮಿಯಲ್ಲಿ ನೆಲೆಸಿದ್ದುದನ್ನು ತೋರಿಸಿದರೆ ಸಾಕು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ತಪ್ಪಿಸಿಕೊಂಡು ಬಂದು ಕಾಡಿನಲ್ಲಿ ಅಡಗಿದವರ ಮೊಮ್ಮಕ್ಕಳಿಂದ 75 ವರ್ಷಗಳ ದಾಖಲೆಯನ್ನು ಕೇಳುವುದೆಂದರೇನು? ವಿದ್ಯಾರ್ಥಿವೇತನ, ಮೀಸಲಾತಿ, 1989ರ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಇವೆಲ್ಲವೂ ತಾಲೂಕಿನ ಗಡಿಗೆರೆಯ ಆಚೆ ಈಚೆ ಬೇರೆಯಾದುವು. 2020ರಲ್ಲಿಯೇ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾಗಿ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯೆನಿಸಿದುದು ಸಂತೋಷದ ಸಂಗತಿ.

ಹೊಗಳಿಕೆಯ ರೂಪದಲ್ಲಿ ಬರುವ ಭೇದವೂ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ನೀಡಿತು. ಕೆಲವರು ಓಟದಲ್ಲಿ ಪದಕಗಳನ್ನೂ ಗೆದ್ದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಗಿ ಅನೇಕರು ಊರಿಗೆ ಮರಳಿದರು. ಮಕ್ಕಳಿಗೆ ಕ್ರೀಡೆಯ ಅವಕಾಶ ಸಿಕ್ಕಿದುದು ಒಳ್ಳೆಯದೇ. ಆದರೆ ಇವರು ಹುಟ್ಟಿನಿಂದಲೇ ಓಡಲು ಯೋಗ್ಯರೆಂಬ ಗ್ರಹಿಕೆಯೊಂದಿಗೆ, ಓದಲು ಯೋಗ್ಯರಲ್ಲವೆಂಬ ಗ್ರಹಿಕೆಯೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ದೇಹವನ್ನು ಮೆಚ್ಚಿ ಆತ್ಮದ ಶಕ್ತಿಯನ್ನು ಮರೆಯುವುದು ಜೈನ ದೃಷ್ಟಿಯಲ್ಲಿ ಬಹಿರಾತ್ಮನ ಲಕ್ಷಣ.

ವರ್ತಕ ಧರ್ಮ ಮತ್ತು ಮನುಷ್ಯ ವ್ಯಾಪಾರ

ಇತರರ ದೋಷವನ್ನು ಹೇಳುವಾಗ ಸ್ವಂತ ಪರಂಪರೆಯ ಲೆಕ್ಕಪುಸ್ತಕವನ್ನೂ ತೆರೆದಿಡಬೇಕು. ತತ್ವಾರ್ಥಸೂತ್ರವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರನ್ನೂ ಎಣಿಸುತ್ತದೆ. ಅಂದಿನ ಸಮಾಜದಲ್ಲಿ ದಾಸರನ್ನು ಆಸ್ತಿಯೆಂದು ಬಗೆಯುತ್ತಿದ್ದುದಕ್ಕೆ ಇದು ಸಾಕ್ಷಿ. ಶಾಸ್ತ್ರವು ಅದಕ್ಕೆ ಮಿತಿಯನ್ನು ಹಾಕಿತು. ಪೂರ್ಣವಾಗಿ ನಿಷೇಧಿಸಿತೆಂದು ಹೇಳಲಾಗದು. ಹಾಗೆಯೇ ಮನುಷ್ಯರನ್ನು ಆರ್ಯರು, ಮ್ಲೇಚ್ಛರು ಎಂದು ವಿಭಾಗಿಸಿದ ಮಾತೂ ಅಲ್ಲಿದೆ. ಇದನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಆ ಪರಂಪರೆಯೇ ತನ್ನೊಳಗಿನಿಂದ ಯಾವ ದಿಕ್ಕಿಗೆ ಹೆಜ್ಜೆಯಿಟ್ಟಿತೆಂಬುದನ್ನೂ ಹೇಳಬೇಕು. ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಗುಲಾಮರ ಹಡಗಿನಲ್ಲಿ ಈ ಐದರಲ್ಲಿ ನಡೆಯದ ಒಂದಾದರೂ ಇತ್ತೇ? ಶ್ರಾವಕನಿಗೆ ನಿಷಿದ್ಧವಾದ 15 ಕ್ರೂರ ವೃತ್ತಿಗಳಲ್ಲಿ ಕೇಶವಾಣಿಜ್ಯವೆಂಬುದೊಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಅದನ್ನು ಎರಡು ಕಾಲಿನ ಮತ್ತು ನಾಲ್ಕು ಕಾಲಿನ ಜೀವಿಗಳ ಮಾರಾಟವೆಂದು ವಿವರಿಸುತ್ತದೆ. ಎರಡು ಕಾಲಿನ ಜೀವಿಯೆಂದರೆ ಮನುಷ್ಯ. ಲಾಭವೆಷ್ಟೇ ಇರಲಿ, ಮನುಷ್ಯನನ್ನು ತಕ್ಕಡಿಯಲ್ಲಿಡುವ ವ್ಯಾಪಾರ ಶ್ರಾವಕನದಲ್ಲ ಎಂಬ ನಿರ್ಣಯವು ಪಶ್ಚಿಮ ದೇಶಗಳ ಗುಲಾಮಗಿರಿ ವಿರೋಧಿ ಕಾನೂನುಗಳಿಗಿಂತ ಆರು ಶತಮಾನಗಳಿಗೂ ಹಿಂದಿನದು.

ಮ್ಲೇಚ್ಛರ ವಿಷಯದಲ್ಲಿಯೂ ಜಯಧವಲಾ ಟೀಕೆಯು ಚಕ್ರವರ್ತಿಯ ಸೈನ್ಯದೊಡನೆ ಆರ್ಯಖಂಡಕ್ಕೆ ಬಂದ ಮ್ಲೇಚ್ಛರು ಸಕಲಸಂಯಮಕ್ಕೆ, ಅಂದರೆ ಮುನಿದೀಕ್ಷೆಗೆ, ಅರ್ಹರಾಗಬಲ್ಲರೆಂದು ಒಪ್ಪುತ್ತದೆ. ಹತ್ತನೆಯ ಶತಮಾನದಲ್ಲಿ ಪಂಪ ಮಹಾಕವಿಯು ಆದಿಪುರಾಣದಲ್ಲಿ ಮಾನವಕುಲದ ಏಕತೆಯನ್ನು ಸಾರಿದುದು ಕನ್ನಡಿಗರೆಲ್ಲರೂ ಬಲ್ಲ ವಿಷಯ. ಸಮಂತಭದ್ರರು ಅಹಿಂಸಾಣುವ್ರತಕ್ಕೆ ಆದರ್ಶವಾಗಿ ಯಾವ ಅರಸನನ್ನೂ ಶ್ರೇಷ್ಠಿಯನ್ನೂ ಆರಿಸದೆ, ಚತುರ್ದಶಿಯಂದು ಕೊಲ್ಲುವುದಿಲ್ಲವೆಂಬ ವ್ರತಕ್ಕಾಗಿ ರಾಜಾಜ್ಞೆಯನ್ನೇ ಮೀರಿದ ಮಾತಂಗನನ್ನು ಆರಿಸಿದರು. ನಿರ್ವಿಚಿಕಿತ್ಸಾ ಅಂಗಕ್ಕೆ ಅವರು ಹೆಸರಿಸಿದವನು, ರೋಗಪೀಡಿತ ಮುನಿಯ ದೇಹಕ್ಕೆ ಹೇಸದೆ ಸೇವೆ ಮಾಡಿದ ಉದ್ದಾಯನ ರಾಜ. ಇನ್ನೊಬ್ಬರ ದೇಹವನ್ನು ಕಂಡು ಮುಖ ಸಿಂಡರಿಸದಿರುವುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿಯೇ ಒಂದಾಗಿದೆ.

ಒಂದೇ ವರ್ಷದ ಎರಡು ಘಟನೆಗಳು

1893ರ ಸೆಪ್ಟೆಂಬರಿನಲ್ಲಿ ಶಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿ ವೀರಚಂದ ರಾಘವಜಿ ಗಾಂಧಿಯವರು ಸನ್ಮಾನಿತರಾದರು. ಅದೇ ವರ್ಷದ ಜೂನ್ 7ರ ರಾತ್ರಿ ಇನ್ನೊಬ್ಬ ಗಾಂಧಿಯವರನ್ನು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೈಬಣ್ಣದ ಕಾರಣಕ್ಕೆ ರೈಲಿನ ಮೊದಲ ದರ್ಜೆಯಿಂದ ಹೊರದಬ್ಬಲಾಯಿತು. ಆ ದಿನಗಳ ಧರ್ಮಸಂಶಯಗಳನ್ನು ಪರಿಹರಿಸಿಕೊಳ್ಳಲು ಮೋಹನದಾಸ ಗಾಂಧಿಯವರು 1894ರಲ್ಲಿ ಪತ್ರ ಬರೆದು ಕೇಳಿದುದು ಮುಂಬಯಿಯ ಜೈನ ರತ್ನವ್ಯಾಪಾರಿ ಶ್ರೀಮದ್ ರಾಜಚಂದ್ರರನ್ನು.

ಇಲ್ಲಿಯೂ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ತಾನೇ ವರ್ಣಭೇದದಿಂದ ನೊಂದಿದ್ದ ಆ ತರುಣ ವಕೀಲರ ಆರಂಭದ ಮನವಿಪತ್ರಗಳಲ್ಲಿ ಆಫ್ರಿಕಾದ ಮೂಲನಿವಾಸಿಗಳಿಗಿಂತ ಭಾರತೀಯರು ಮೇಲೆಂಬ ಧ್ವನಿಯಿತ್ತು. ಕ್ರಮೇಣ ಅದು ಬದಲಾಯಿತು. 1908ರ ಜೋಹಾನ್ಸ್‌ಬರ್ಗ್ ಭಾಷಣದಲ್ಲಿ ಅವರು ಎಲ್ಲ ಜನಾಂಗಗಳೂ ಬೆರೆತು ಬಾಳುವ ನಾಗರಿಕತೆಯ ಕನಸನ್ನು ಹೇಳಿದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತಾಗ, ಅಸ್ಪೃಶ್ಯತೆಯ ನಿವಾರಣೆಯನ್ನು ಸ್ವರಾಜ್ಯದ ಆಧಾರಸ್ತಂಭಗಳಲ್ಲಿ ಒಂದೆಂದು ಸಾರಿದರು. ಅವಮಾನವನ್ನು ಉಂಡವನೂ ಅವಮಾನ ಮಾಡಬಲ್ಲ. ಉಂಡ ನೋವು ತಾನಾಗಿಯೇ ವಿವೇಕವಾಗುವುದಿಲ್ಲ, ಅದನ್ನು ವಿವೇಕವನ್ನಾಗಿ ಮಾಡಿಕೊಳ್ಳಬೇಕು ಎಂಬುದು ಈ ಜೀವನದ ಪಾಠ. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 44.5 ಲಕ್ಷದಷ್ಟೇ ಇದ್ದ, 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಜೈನ ಸಮಾಜಕ್ಕೆ ಈ ಪಾಠವು ಚೆನ್ನಾಗಿ ಅನ್ವಯಿಸುತ್ತದೆ.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಭಾಗದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಸಮಯದ ನಂತರ ಆ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಒಬ್ಬನ ಕರ್ಮವನ್ನು ಇನ್ನೊಬ್ಬಳ ಲೆಕ್ಕಕ್ಕೆ, ಮೈಬಣ್ಣ ಒಂದೇ ಎಂಬ ಕಾರಣಕ್ಕೆ ಬರೆಯಲಾಯಿತು. ಕರ್ಮಸಿದ್ಧಾಂತವನ್ನು ನಂಬುವವರಿಗೆ ಇದಕ್ಕಿಂತ ಅಸಂಬದ್ಧವಾದ ನ್ಯಾಯ ಇನ್ನಾವುದು?

ಲೇಶ್ಯೆಯ ಚಿತ್ರಪಟ

ಜೈನ ಪಾಠಶಾಲೆಗಳಲ್ಲಿ ಮಕ್ಕಳು ಬಹುಬೇಗ ನೋಡುವ ಚಿತ್ರಗಳಲ್ಲಿ ಲೇಶ್ಯೆಯ ವೃಕ್ಷವೊಂದು. ಹಸಿದ ಆರು ಮಂದಿ ಹಣ್ಣಿನ ಮರದ ಬಳಿಗೆ ಬರುತ್ತಾರೆ. ಒಬ್ಬನು ಬುಡವನ್ನೇ ಕಡಿಯಲೆಣಿಸುತ್ತಾನೆ, ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ದೊಡ್ಡ ಕೊಂಬೆಯನ್ನು, ನಾಲ್ಕನೆಯವನು ಸಣ್ಣ ಕೊಂಬೆಯನ್ನು. ಐದನೆಯವನು ಹಣ್ಣನ್ನಷ್ಟೇ ಕೀಳಲು ಬಯಸುತ್ತಾನೆ. ಆರನೆಯವನು ಬಿದ್ದ ಹಣ್ಣುಗಳನ್ನು ಆರಿಸಿಕೊಂಡು ತೃಪ್ತನಾಗುತ್ತಾನೆ. ಮೊದಲನೆಯದು ಕೃಷ್ಣಲೇಶ್ಯೆ, ಕೊನೆಯದು ಶುಕ್ಲಲೇಶ್ಯೆ. ಕಷಾಯದ ತಾರತಮ್ಯವನ್ನು ಇಷ್ಟು ಸುಲಭವಾಗಿ ತಿಳಿಸುವ ದೃಷ್ಟಾಂತ ಅಪರೂಪ.

ಆದರೆ ಚಿತ್ರಕಾರನು ಬುಡ ಕಡಿಯುವವನ ಮೈಗೆ ಕಪ್ಪು ಬಣ್ಣವನ್ನೂ, ಹಣ್ಣು ಆರಿಸುವವನ ಮೈಗೆ ಬಿಳಿ ಬಣ್ಣವನ್ನೂ ಬಳಿದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದೇನು? ಕರಿಯ ಮೈಯವನು ಕ್ರೂರಿ, ಬಿಳಿಯ ಮೈಯವನು ಸಾತ್ವಿಕ ಎಂಬ ಭಾವನೆಯೇ. ಆಚಾರ್ಯ ನೇಮಿಚಂದ್ರರು ಗೊಮ್ಮಟಸಾರದಲ್ಲಿ ದ್ರವ್ಯಲೇಶ್ಯೆ, ಭಾವಲೇಶ್ಯೆಗಳ ಭೇದವನ್ನು ನಿಚ್ಚಳವಾಗಿ ಮಾಡಿದ್ದಾರೆ. ವರ್ಣನಾಮಕರ್ಮದ ಉದಯದಿಂದ ಬಂದ ಶರೀರದ ಬಣ್ಣ ದ್ರವ್ಯಲೇಶ್ಯೆ. ಕಷಾಯದಿಂದ ಲಿಪ್ತವಾದ ಯೋಗಪ್ರವೃತ್ತಿ ಭಾವಲೇಶ್ಯೆ. ಆರೂ ದ್ರವ್ಯಲೇಶ್ಯೆಗಳು ಮನುಷ್ಯರಲ್ಲಿ ಇವೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವಂತಿಲ್ಲ. ಕಮಲ ಬಸದಿಯ ನೇಮಿನಾಥ ಸ್ವಾಮಿಯೇ ಇದಕ್ಕೆ ಪರಮ ನಿದರ್ಶನ: ಶರೀರವರ್ಣ ಶ್ಯಾಮ; ಕೇವಲಿಯಾದ ಆತನಿಗೆ ಶಾಸ್ತ್ರ ಹೇಳುವುದು ಶುಕ್ಲಲೇಶ್ಯೆ.

ಆದುದರಿಂದ ಪಾಠಶಾಲೆಯ ಭಿತ್ತಿಚಿತ್ರದಲ್ಲಿ ಆರು ಮಂದಿಯ ಮೈಬಣ್ಣವೂ ಒಂದೇ ಆಗಿರಲಿ. ಲೇಶ್ಯೆಯ ಬಣ್ಣವನ್ನು ಪ್ರತಿಯೊಬ್ಬನ ಕೆಳಗಿರುವ ಪಟ್ಟಿಯಲ್ಲಿ ತೋರಿಸಲಿ. ಬಸದಿಯ ಟ್ರಸ್ಟುಗಳಿಗೆ ಇದರಿಂದ ಬರುವ ಖರ್ಚು ಒಬ್ಬ ಪೇಂಟರನ ಒಂದು ದಿನದ ಕೂಲಿ ಮಾತ್ರ.

ಸಮ್ಮತಿಯೂ ಪಾಪವೇ

ಜೈನ ಶಾಸ್ತ್ರವು ಪಾಪವನ್ನು ಕೃತ, ಕಾರಿತ, ಅನುಮೋದನ ಎಂದು ಮೂರು ಬಗೆಯಾಗಿ ಎಣಿಸುತ್ತದೆ. ತಾನು ಮಾಡಿದುದು, ಮಾಡಿಸಿದುದು, ಮಾಡಿದುದಕ್ಕೆ ಒಪ್ಪಿಗೆ ಕೊಟ್ಟುದು ಮೂರೂ ಬಂಧಕ್ಕೆ ಕಾರಣ. ನೇಮಿಕುಮಾರನು ತನ್ನ ವಿವಾಹದ ದಿನ ದೊಡ್ಡಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆರ್ತನಾದವನ್ನು ಕೇಳಿದನು. ಅವುಗಳನ್ನು ಅವನು ಕಟ್ಟಿಸಿರಲಿಲ್ಲ, ಕಟ್ಟಲು ಹೇಳಿಯೂ ಇರಲಿಲ್ಲ. ಮುಂದೆ ಸಾಗಿದ್ದರೆ ಅದು ಅನುಮೋದನವಾಗುತ್ತಿತ್ತು. ಅವನು ರಥವನ್ನು ಹಿಂತಿರುಗಿಸಿದನು. ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ವೈರಾಗ್ಯದ ಅರ್ಥದೊಡನೆ ಈ ಅರ್ಥವನ್ನೂ ಹೇಳಬೇಕು. ತರಗತಿಯಲ್ಲಿ ಸಹಪಾಠಿಯೊಬ್ಬನ ಗುಂಗುರು ಕೂದಲನ್ನು ಎಳೆದು ನಗುವಾಗ, ಈಶಾನ್ಯ ರಾಜ್ಯಗಳ ಹುಡುಗಿಯ ಕಣ್ಣಿನ ಆಕಾರವನ್ನು ಹಾಸ್ಯ ಮಾಡುವಾಗ, ಜೊತೆಗೆ ನಗುವುದು ಅನುಮೋದನ. ಸುಮ್ಮನಿರುವುದೂ ಬಹುಪಾಲು ಅನುಮೋದನವೇ. ‘ಇದು ಸರಿಯಲ್ಲ’ ಎಂಬ ಒಂದು ಮಾತನ್ನು ಕ್ರೋಧವಿಲ್ಲದೆ ಹೇಳುವ ಧೈರ್ಯವೇ ರಥವನ್ನು ಹಿಂತಿರುಗಿಸುವುದು.

ಆದರೆ ಮಗುವು ಮೊದಲು ಕಲಿಯುವುದು ಮನೆಯಲ್ಲಿ. ಹುಟ್ಟಿದ ಕೂಸನ್ನು ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆಯೇ ಬಣ್ಣದ್ದಾದರೆ, ಅಕ್ಕತಂಗಿಯರಲ್ಲಿ ಒಬ್ಬಳನ್ನು ‘ಕೆಂಪಗಿದ್ದಾಳೆ’ ಎಂದು ಮೆಚ್ಚಿ ಇನ್ನೊಬ್ಬಳಿಗೆ ಕಡಲೆಹಿಟ್ಟು, ಅರಿಸಿನಗಳನ್ನು ಸೂಚಿಸಿದರೆ, ಅಲ್ಲಿ ವರ್ಣಭೇದದ ಮೊದಲ ಪಾಠ ಮುಗಿದಂತೆಯೇ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮಿನ ಕಂಪನಿಯು 2020ರಲ್ಲಿ ಬಿಳುಪನ್ನು ಸೂಚಿಸುವ ಶಬ್ದವನ್ನು ಹೆಸರಿನಿಂದ ಕೈಬಿಟ್ಟಿತು. ಲಾಭಕ್ಕಾಗಿ ನಡೆಯುವ ಕಂಪನಿಯೇ ಬಿಟ್ಟ ಶಬ್ದವು ಧರ್ಮಕ್ಕಾಗಿ ನಡೆಯುವ ಪತ್ರಿಕೆಗಳ ವಧೂವರ ಅಂಕಣಗಳಲ್ಲಿ ‘ಗೌರವರ್ಣ’ವೆಂಬ ಸಂಸ್ಕೃತ ವೇಷದಲ್ಲಿ ಉಳಿಯುವುದು ಶೋಭೆಯಲ್ಲ. ವಧೂವರರ ಪರಿಚಯದಲ್ಲಿ ವಿದ್ಯೆ, ಉದ್ಯೋಗ, ವ್ರತನಿಷ್ಠೆಗಳಿರಲಿ. ಮೈಬಣ್ಣದ ಕಲಮನ್ನು ಟ್ರಸ್ಟುಗಳೂ ವಧೂವರ ಸಮ್ಮೇಳನಗಳೂ ತಮ್ಮ ಅರ್ಜಿ ನಮೂನೆಯಿಂದ ತೆಗೆದುಹಾಕಲಿ.

ವಯಸ್ಸಿಗೆ ತಕ್ಕಂತೆ ಶಿಕ್ಷಣವೂ ಬೇರೆಯಾಗಬೇಕು. ನಾಲ್ಕೈದು ವರ್ಷದ ಮಗುವು ಕಪ್ಪಗಿರುವವರನ್ನು ಕಂಡು ಗಟ್ಟಿಯಾಗಿ ಏನಾದರೂ ಕೇಳಿದರೆ ಬಾಯಿ ಮುಚ್ಚಿಸಬಾರದು. ಮುಚ್ಚಿಸಿದರೆ ಕಪ್ಪೆಂಬುದು ಹೇಳಬಾರದ ಲಜ್ಜೆಯ ವಿಷಯವೆಂದು ಅದು ತಿಳಿಯುತ್ತದೆ. ಹೂವುಗಳಿಗೆ ಬಣ್ಣಗಳಿರುವಂತೆ ಮನುಷ್ಯರಿಗೂ ಇವೆ, ತೀರ್ಥಂಕರರಿಗೂ ಇದ್ದುವು ಎಂದು ಸಹಜವಾಗಿ ಹೇಳಬೇಕು. ಎಂಟು ಹತ್ತು ವರ್ಷದವರಿಗೆ ಮಾತಂಗನ, ಉದ್ದಾಯನನ, ನೇಮಿಕುಮಾರನ ಕಥೆಗಳು ತಕ್ಕವು. ಪ್ರೌಢಶಾಲೆಯ ಮಕ್ಕಳಿಗೆ ಗೋವೆಯ ಗುಲಾಮ ವ್ಯಾಪಾರ, ಖಾನಾಪುರದ 17 ವರ್ಷಗಳ ಅಂತರ, ಮೂಲವಂಶದ ಆಧಾರದ ಮೇಲೆ ಭೇದವನ್ನು ನಿಷೇಧಿಸುವ ಸಂವಿಧಾನದ 15ನೆಯ ಅನುಚ್ಛೇದ ಇವುಗಳನ್ನು ತಿಳಿಸಬೇಕು.

ಸಿದ್ದಿ ನೆರೆಹೊರೆಯವರ ಪರಿಚಯವನ್ನು ಮಾಡಿಸುವಾಗ ಒಂದು ಎಚ್ಚರ ಅಗತ್ಯ. ಅವರು ಪ್ರದರ್ಶನದ ವಸ್ತುಗಳಲ್ಲ. ಬಸ್ಸು ತುಂಬಿ ಮಕ್ಕಳನ್ನು ಕರೆದೊಯ್ದು, ಕುಣಿಸಿ, ಚಿತ್ರ ತೆಗೆದುಕೊಂಡು, ಹಣ್ಣು ಹಂಚಿ ಮರಳುವುದು ಸೇವೆಯಲ್ಲ. ಕೌದಿಯನ್ನು ಕೊಳ್ಳುವುದಾದರೆ ಚೌಕಾಸಿಯಿಲ್ಲದೆ ನ್ಯಾಯವಾದ ಬೆಲೆಗೆ ಕೊಳ್ಳಬೇಕು. ಟ್ರಸ್ಟುಗಳ ವಿದ್ಯಾರ್ಥಿವೇತನಗಳಲ್ಲಿ, ವಸತಿಗೃಹಗಳಲ್ಲಿ ಖಾನಾಪುರದ ಮಕ್ಕಳಿಗೆ ಒಂದೆರಡು ಸ್ಥಾನಗಳನ್ನು ಮೀಸಲಿಡುವುದು, ಅಂಗಡಿ ಕಾರ್ಖಾನೆಗಳಲ್ಲಿ ಹೊರೆ ಹೊರುವ ಕೆಲಸವಲ್ಲದೆ ಲೆಕ್ಕದ ಮೇಜಿನ ಕೆಲಸವನ್ನೂ ಅವರಿಗೆ ಕೊಡುವುದು ನಿಜವಾದ ಅಭಯದಾನ, ಶಾಸ್ತ್ರದಾನಗಳಾಗುತ್ತವೆ. ತಂದೆಯು ತನ್ನ ಗಲ್ಲದಲ್ಲಿ ಯಾರನ್ನು ಕೂರಿಸುತ್ತಾನೆ, ಯಾರನ್ನು ಹೊರಗೆ ನಿಲ್ಲಿಸುತ್ತಾನೆ ಎಂಬುದನ್ನು ಮಗನು ಗಮನಿಸುತ್ತಲೇ ಇರುತ್ತಾನೆ. ಪಾಠಶಾಲೆಯ ನೂರು ಪಾಠಗಳಿಗಿಂತ ಅದು ಅವನಲ್ಲಿ ಆಳವಾಗಿ ಇಳಿಯುತ್ತದೆ.

ಶರೀರವು ಪರದ್ರವ್ಯ, ಆತ್ಮವೇ ಸ್ವದ್ರವ್ಯ ಎಂಬ ಭೇದವಿಜ್ಞಾನವು ಜಿನಧರ್ಮದ ಸಾರ. ಪ್ರತಿದಿನ ಅದನ್ನು ಓದಿಯೂ ಚರ್ಮದ ಬಣ್ಣದಲ್ಲಿಯೇ ಮನುಷ್ಯನನ್ನು ಅಳೆಯುವವನು ಶಾಸ್ತ್ರವನ್ನು ಓದಿದಂತಲ್ಲ. ದೇಹವನ್ನು ಆತ್ಮದಿಂದ ಬೇರೆಯೆಂದು ಕಾಣಲು ಕಲಿತ ಮಗುವು ನೆರೆಯವನ ಬಣ್ಣವನ್ನು ದಾಟಿ ನೆರೆಯವನನ್ನೇ ಕಾಣುತ್ತದೆ. ಆ ಕಲಿಕೆಯನ್ನು ಬೆಳಗಾವಿಯ ಶ್ರಾವಕರು ಕೋಟೆಯೊಳಗಿನ ಶ್ಯಾಮವರ್ಣದ ಸ್ವಾಮಿಯ ಸನ್ನಿಧಿಯಿಂದಲೇ ಆರಂಭಿಸಬಹುದು. ಅದರ ಪರೀಕ್ಷೆ ಮಾತ್ರ ಖಾನಾಪುರದ ಸಂತೆಯಲ್ಲಿ, ಶಾಲೆಯ ಬೆಂಚಿನ ಮೇಲೆ, ಅಂಗಡಿಯ ಕಟ್ಟೆಯ ಬಳಿ ನಡೆಯುತ್ತದೆ.